ವ್ಯಾಧಿಕ್ಷಮತ್ವವೂ ಅರ್ಬುದಚಿಕಿತ್ಸೆಯೂ

ಶರೀರವು ರೋಗವನ್ನೆದುರಿಸುವ ಸಾಮರ್ಥ್ಯಕ್ಕೆ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ವ್ಯಾಧಿಕ್ಷಮತ್ವವೆಂಬ ಹೆಸರು ಬಂದಿದೆ. ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನು ಈ ಪದದಲ್ಲಿ ಎರಡು ಅರ್ಥಗಳನ್ನು ಕಂಡಿರುವನು. ಹುಟ್ಟಿದ ರೋಗದ ಬಲಕ್ಕೆ ವಿರೋಧವಾಗಿ ನಿಲ್ಲುವುದು ಒಂದು. ರೋಗವು ಹುಟ್ಟದಂತೆಯೇ ತಡೆಯುವುದು ಇನ್ನೊಂದು. ಸಿಡುಬನ್ನು ಲೋಕದಿಂದ ತೊಲಗಿಸಿದ ಲಸಿಕೆಯು ಎರಡನೆಯದಕ್ಕೆ ನಿದರ್ಶನ. ಅರ್ಬುದಕ್ಕೆ, ಎಂದರೆ ಲೋಕದಲ್ಲಿ ಕ್ಯಾನ್ಸರ್ ಎನಿಸಿಕೊಂಡ ರೋಗಕ್ಕೆ, ಶರೀರದ ಕ್ಷಮತ್ವದಿಂದಲೇ ಮಾಡುವ ಚಿಕಿತ್ಸೆಯು ಮೊದಲನೆಯದಕ್ಕೆ ಸೇರತಕ್ಕದ್ದು. ಈ ಭೇದವನ್ನು ಮರೆತು ಅದನ್ನು ಬಲವರ್ಧಕ ಚಿಕಿತ್ಸೆಯೆಂದು ಕನ್ನಡಿಸಿದರೆ ಆಗುವ ಅನರ್ಥವು ಅಲ್ಪವಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ರೋಗಾಣುವು ಹೊರಗಿನಿಂದ ಬಂದುದು. ಅದನ್ನು ಶರೀರವು ಪರಕೀಯವೆಂದು ಅರಿಯುವುದು ಸಹಜ. ಅರ್ಬುದದ ಕೋಶವಾದರೋ ಶರೀರದಲ್ಲಿಯೇ ಹುಟ್ಟಿದುದು. ತನ್ನದನ್ನು ತಾನೇ ಶತ್ರುವೆಂದು ತಿಳಿಯುವ ಬಗೆ ಹೇಗೆ? ಇದಕ್ಕೆ ಸಮಾಧಾನವೇನೆಂದರೆ, ಅರ್ಬುದಕೋಶದ ಆನುವಂಶಿಕ ದ್ರವ್ಯದಲ್ಲಿ ವಿಕಾರಗಳು ಸೇರಿರುವುವು. ಆ ವಿಕಾರಗಳಿಂದ ಹುಟ್ಟಿದ ಪ್ರೋಟೀನುಗಳ ತುಣುಕುಗಳು ಕೋಶದ ಮೈಮೇಲೆ ತೋರಿಕೊಳ್ಳುವುವು. ರಕ್ತದಲ್ಲಿ ಸಂಚರಿಸುವ ಟಿ ಕೋಶಗಳು ಅವನ್ನು ಗುರುತಿಸಬಲ್ಲವು. ಹುಟ್ಟಿನಿಂದ ಸ್ವಕೀಯವಾದರೂ ವಿಕಾರದಿಂದ ಅದು ಪರಕೀಯವಾಯಿತೆಂದು ಭಾವ.

ಈ ಶಕ್ತಿಯನ್ನು ಚಿಕಿತ್ಸೆಗೆ ಬಳಸುವ ಯತ್ನವು ಹೊಸದಲ್ಲ. ವಿಸರ್ಪರೋಗದಿಂದ ಜ್ವರಬಂದ ಮೇಲೆ ರೋಗಿಯೊಬ್ಬನ ಅರ್ಬುದವು ಕರಗಿದ ವೃತ್ತಾಂತವನ್ನು ತಿಳಿದು, ನ್ಯೂಯಾರ್ಕ್ ನಗರದ ಶಸ್ತ್ರವೈದ್ಯ ವಿಲಿಯಂ ಕೋಲಿಯು 1891ರಲ್ಲಿ ರೋಗಿಗಳಿಗೆ ಬೇಕೆಂದೇ ಆ ಸೂಕ್ಷ್ಮಾಣುಗಳನ್ನು ಚುಚ್ಚತೊಡಗಿದನು. ಮುಂದೆ ಜೀವವಿಲ್ಲದ ಸೂಕ್ಷ್ಮಾಣುಗಳನ್ನೇ ಬಳಸಿದನು. ಕೆಲವರು ಗುಣಹೊಂದಿದರು, ಆದರೆ ಫಲವು ಎಲ್ಲರಲ್ಲಿಯೂ ಒಂದೇ ತೆರನಾಗಿರಲಿಲ್ಲ, ಕಾರಣವೂ ತಿಳಿದಿರಲಿಲ್ಲ. ವಿಕಿರಣಚಿಕಿತ್ಸೆಯು ಬಳಕೆಗೆ ಬಂದ ಬಳಿಕ ಕೋಲಿಯ ಮಾರ್ಗವು ಮೂಲೆಗೆ ಸರಿಯಿತು. 1976ರಲ್ಲಿ ಕೆನಡಾದ ಆಲ್ವಾರೋ ಮೊರಾಲಿಸ್ ಎಂಬವನು ಕ್ಷಯದ ಬಿ.ಸಿ.ಜಿ. ಲಸಿಕೆಯನ್ನು ಮೂತ್ರಕೋಶದ ಅರ್ಬುದದಲ್ಲಿ ಪ್ರಯೋಗಿಸಿದ ಫಲವನ್ನು ಪ್ರಕಟಿಸಿದನು. ಆ ಕ್ರಮವು ಇಂದಿಗೂ ಆಚರಣೆಯಲ್ಲಿದೆ.

ಹಾಗಾದರೆ ಅರ್ಬುದವು ಶರೀರದ ಕಣ್ಣು ತಪ್ಪಿಸಿ ಬೆಳೆಯುವುದೇಕೆ? ಇದರ ಉತ್ತರದಲ್ಲಿಯೇ ಹೊಸ ಚಿಕಿತ್ಸೆಯ ಮರ್ಮವಿದೆ. ಟಿ ಕೋಶವು ಕಡಿವಾಣವಿಲ್ಲದೆ ಓಡಿದರೆ ಸ್ವಸ್ಥವಾದ ಅಂಗಗಳನ್ನೂ ಕೆಡಿಸುವುದು. ಆದುದರಿಂದ ಅದಕ್ಕೆ ಸಹಜವಾದ ನಿಗ್ರಹಗಳು ಇರುವುವು. ಅನೇಕ ಅರ್ಬುದಗಳು ಈ ಕಡಿವಾಣವನ್ನೇ ತಮ್ಮ ಕೈಗೆ ತೆಗೆದುಕೊಂಡು, ಎದುರಿಗೆ ಬಂದ ಟಿ ಕೋಶವನ್ನು ನಿಲ್ಲಿಸಿಬಿಡುವುವು. ಸಿ.ಟಿ.ಎಲ್.ಎ.-4 ಎಂಬುದು ಇಂತಹ ಒಂದು ನಿಗ್ರಹ. ಪ್ರತಿಕಾಯದಿಂದ ಅದನ್ನು ಮುಚ್ಚಿದರೆ ಇಲಿಗಳ ಅರ್ಬುದವು ಅಳಿಯುವುದೆಂದು ಅಮೆರಿಕದ ಜೇಮ್ಸ್ ಆಲಿಸನ್ನನು 1996ರಲ್ಲಿ ತೋರಿಸಿದನು. ಪಿ.ಡಿ.-1 ಎಂಬ ಇನ್ನೊಂದನ್ನು ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ತಾಸುಕು ಹೊಂಜೋ 1992ರಲ್ಲಿ ಕಂಡುಹಿಡಿದಿದ್ದನು. ಮೊದಲನೆಯದನ್ನು ತಡೆಯುವ ಇಪಿಲಿಮುಮಾಬ್ ಎಂಬ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇಬ್ಬರಿಗೂ 2018ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಟಿ ಕೋಶಗಳನ್ನೇ ಹೊರತೆಗೆದು, ಅರ್ಬುದದ ಗುರುತನ್ನು ಹಿಡಿಯುವಂತೆ ಮಾರ್ಪಡಿಸಿ, ಮರಳಿ ಶರೀರಕ್ಕೆ ಸೇರಿಸುವ ವಿಧಾನವೂ ಒಂದುಂಟು. ರಕ್ತದ ಕೆಲವು ಅರ್ಬುದಗಳಲ್ಲಿ ಇದು ಉಪಯುಕ್ತವಾಗಿದೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಕೇಂದ್ರಗಳ ಪರಿಶ್ರಮದಿಂದ ಸಿದ್ಧವಾದ ಇಂತಹ ಚಿಕಿತ್ಸೆಗೆ ಭಾರತದಲ್ಲಿ 2023ರಲ್ಲಿ ಅನುಮತಿ ದೊರೆಯಿತು.

ಆದರೆ ಫಲದ ಮಿತಿಯನ್ನು ಮರೆಮಾಚಲಾಗದು. ಇಪಿಲಿಮುಮಾಬ್ ಪಡೆದ ಚರ್ಮದ ಮೆಲನೋಮ ರೋಗಿಗಳು 1861 ಮಂದಿಯ ಲೆಕ್ಕವು 2015ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂರು ವರ್ಷಗಳ ಮೇಲೆ ಬದುಕಿದ್ದವರು ಐದರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಹಾಗೆ ಉಳಿದವರಲ್ಲಿ ಅನೇಕರು ಬಹುಕಾಲ ಬಾಳಿದರು. ಮುಂದುವರಿದ ಈ ರೋಗದಲ್ಲಿ ಹಿಂದೆ ಇಷ್ಟೂ ದುರ್ಲಭವಾಗಿದ್ದಿತು. ಉಳಿದವರಿಗೆ ಮಾತ್ರ ಈ ಬಾಗಿಲು ತೆರೆಯಲಿಲ್ಲ. ಕಡಿವಾಣ ಕಳಚಿದುದರಿಂದ ಕರುಳು, ಶ್ವಾಸಕೋಶ, ಯಕೃತ್ತು ಮೊದಲಾದ ಅಂಗಗಳಲ್ಲಿ ಉರಿಯೂತವೂ ತಲೆದೋರಬಹುದು. ಅದು ಕೆಲವೊಮ್ಮೆ ಪ್ರಾಣಾಂತಿಕ. ಆಗ ಹೊರಗೆಡಹಿದ ಶಕ್ತಿಯನ್ನೇ ಔಷಧದಿಂದ ಮತ್ತೆ ಅಡಗಿಸಬೇಕಾಗುವುದು.

ಇದರಿಂದ ಸಿದ್ಧವಾಗುವುದೇನೆಂದರೆ, ಈ ಚಿಕಿತ್ಸೆಯ ಪ್ರಮುಖ ಶಾಖೆಯಲ್ಲಿ ಶರೀರಕ್ಕೆ ಬಲವನ್ನು ಸೇರಿಸುವುದಿಲ್ಲ. ಇದ್ದ ಬಲಕ್ಕೆ ಬಿದ್ದ ತಡೆಯನ್ನು ಕಳೆಯುವುದು. ಬಲವರ್ಧಕವೆಂಬ ಹೆಸರನ್ನು ಕೇಳಿದ ರೋಗಿಯು, ಅಂಗಡಿಯ ಲೇಹ್ಯವೂ ಅದೇ ಕೆಲಸವನ್ನು ಮಾಡೀತೆಂದು ನಂಬಿ, ಅಮೂಲ್ಯವಾದ ಕಾಲವನ್ನು ಕಳೆದುಕೊಳ್ಳಬಹುದು. ಆದುದರಿಂದ ಸಾಮಾನ್ಯವಾಗಿ ಕ್ಷಮತ್ವಚಿಕಿತ್ಸೆಯೆಂದೂ, ಕಡಿವಾಣ ಕಳಚುವ ವಿಶೇಷಕ್ಕೆ ನಿಗ್ರಹಮೋಚನವೆಂದೂ ವ್ಯವಹರಿಸುವುದು ಯುಕ್ತ. ಹಳೆಯ ಪದವು ಒದಗಿತೆಂಬ ಮಾತ್ರಕ್ಕೆ ಪ್ರಾಚೀನರು ಈ ಚಿಕಿತ್ಸೆಯನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಸಲ್ಲದು. ಅವರು ಅರ್ಥವನ್ನು ಎರಡಾಗಿ ಬಿಡಿಸಿ ತೋರಿದರು. ಆ ಎಚ್ಚರವನ್ನು ಇಂದಿನ ಭಾಷಾಂತರಕಾರನು ಉಳಿಸಿಕೊಂಡರೆ ಸಾಕು.