ಹದಿನೈದು ಲಕ್ಷ ವರ್ಷದ ದಾರಿ

ಪೆನ್ನಾಗರಂ ಬಸ್ ನಿಲ್ದಾಣದಿಂದ ಹೊಗೇನಕಲ್ ಜಲಪಾತಕ್ಕೆ ಸುಮಾರು 15 ಕಿಲೋಮೀಟರ್. ಬಸ್ಸಿನಲ್ಲಿ ಕೂತು ಒಂದು ಸಣ್ಣ ತೂಕಡಿಕೆ ಮುಗಿಯುವಷ್ಟರಲ್ಲಿ ಕಾಡು ಇಳಿದು ಕಾವೇರಿ ಬಂದಿರುತ್ತದೆ. ಈ ದಾರಿಯಲ್ಲಿ ವರ್ಷಕ್ಕೊಂದು ಸೆಂಟಿಮೀಟರಿನಂತೆ ಕಾಲವನ್ನು ಅಳೆಯೋಣ. ನಿಲ್ದಾಣದಲ್ಲಿ ಇವತ್ತು; ಹೊಳೆಯ ಕಡೆಗೆ ನಡೆದಷ್ಟೂ ಹಿಂದಿನ ಕಾಲ.

ಎಂಬತ್ತು ವರ್ಷ ಬಾಳಿದ ಅಜ್ಜಿಯ ಬದುಕು ಒಂದು ಹೆಜ್ಜೆಗೆ ಮುಗಿಯಿತು. ತಗಡೂರಿನ, ಅಂದರೆ ಇಂದಿನ ಧರ್ಮಪುರಿಯ, ಅದಿಯಮಾನರ ಕುಲವನ್ನು ಅಶೋಕನ ಶಾಸನಗಳು ಸತಿಯಪುತ್ರರೆಂದು ಹೆಸರಿಸಿದ ಕಾಲ 23 ಮೀಟರಿನಲ್ಲಿ ಸಿಗುತ್ತದೆ. 42 ಮೀಟರಿಗೆ ಕಬ್ಬಿಣ: ಪಕ್ಕದ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 2172ರಷ್ಟು ಹಳೆಯದೆಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ತಿರುಪತ್ತೂರು ಕಡೆಯ ಪೈಯಂಪಳ್ಳಿಯಲ್ಲಿ ನೆಲ ತೋಡಿ ಗುಂಡಿಮನೆ ಕಟ್ಟಿಕೊಂಡು, ಹುರುಳಿ ಹೆಸರು ಬೆಳೆದುಕೊಂಡಿದ್ದ ರೈತರು ಸಿಗುವುದೂ ಇದೇ ಆಸುಪಾಸಿನಲ್ಲಿ. ಸುಮಾರು 50 ಮೀಟರಿಗೆ ದಕ್ಷಿಣದ ಒಳನಾಡಿನ ಹೊಲ, ಹಟ್ಟಿ, ಸಾಕಿದ ದನ ಎಲ್ಲವೂ ಮುಗಿದುಹೋಗುತ್ತವೆ. ಇನ್ನೂ ನಿಲ್ದಾಣದ ಟೀ ಅಂಗಡಿಯ ಹೊಗೆ ಮೂಗಿಗೆ ಬಡಿಯುತ್ತಿದೆ. ಮುಂದಿನ 14 ಕಿಲೋಮೀಟರ್ 950 ಮೀಟರ್ ಪೂರ್ತಿ ಬೇಟೆ, ಗೆಡ್ಡೆ, ಹಣ್ಣು, ಕಲ್ಲು.

220 ಮೀಟರಿನ ಹೊತ್ತಿಗೆ ಅಮೆರಿಕದ ವೈಟ್ ಸ್ಯಾಂಡ್ಸ್‌ನ ಕೆಸರಿನಲ್ಲಿ ಯಾರೋ ನಡೆದುಹೋಗಿದ್ದಾರೆ. ಅವರ ಹೆಜ್ಜೆಗುರುತು ಈಗಲೂ ಇವೆ. 650 ಮೀಟರಿನಲ್ಲಿ ಆಸ್ಟ್ರೇಲಿಯಾದ ಮಜೆಡ್‌ಬೆಬೆ ಬಂಡೆಯಾಸರೆಗೆ ಜನ ಬಂದು ಸೇರಿದ್ದಾರೆ ಎನ್ನುವುದು ಅಲ್ಲಿ ಅಗೆದವರ ಲೆಕ್ಕ. ಸಮುದ್ರ ಎಷ್ಟೇ ತಗ್ಗಿದ್ದರೂ ನಡುವೆ ಆಳದ ನೀರಿತ್ತು. ತೆಪ್ಪವೋ ದೋಣಿಯೋ ಇಲ್ಲದೆ ದಾಟುವ ಹಾಗಿರಲಿಲ್ಲ. 740 ಮೀಟರಿನಲ್ಲಿ ಸುಮಾತ್ರದ ಟೋಬಾ ಅಗ್ನಿಪರ್ವತ ಸಿಡಿದು, ಅದರ ಬೂದಿ ಆಂಧ್ರದ ಜ್ವಾಲಾಪುರಂವರೆಗೆ ಬಂದು ಬಿತ್ತು. ಅಲ್ಲಿ ಬೂದಿಯ ಪದರದ ಕೆಳಗೂ ಮೇಲೂ ಕಲ್ಲಿನ ಉಪಕರಣ ಸಿಕ್ಕಿವೆ. ಆಕಾಶವೇ ಕಪ್ಪಾದ ಮೇಲೂ ಯಾರೋ ಅಲ್ಲಿ ಕಲ್ಲು ಕೆತ್ತುತ್ತ ಬದುಕಿದ್ದರು.

ಮನುಷ್ಯರು ಆಫ್ರಿಕಾದಿಂದ ಇಲ್ಲಿಗೆ ಬಂದದ್ದನ್ನು ದಂಡಯಾತ್ರೆ ಎಂಬಂತೆ ನಕ್ಷೆಯ ಮೇಲೆ ದೊಡ್ಡ ಬಾಣ ಹಾಕಿ ತೋರಿಸುತ್ತಾರೆ. ನನಗೆ ಆ ಬಾಣದ ಮೇಲೆ ಸಿಟ್ಟಿದೆ. ಕೆಂಪು ಸಮುದ್ರದ ಬಾಯಿಂದ ಕರಾವಳಿ ಹಿಡಿದು ಪೆನ್ನಾಗರಂ ಸೀಮೆಗೆ 7,000 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ತಲೆಮಾರಿಗೆ 25 ವರ್ಷ; ಪ್ರತಿ ತಲೆಮಾರೂ ಬೀಡನ್ನು ಬರೀ 10 ಕಿಲೋಮೀಟರ್ ಮುಂದಕ್ಕೆ ಜರುಗಿಸಿತು ಎಂದುಕೊಂಡರೆ 700 ತಲೆಮಾರು, 17,500 ವರ್ಷ ಸಾಕು. ನಮ್ಮ ದಾರಿಯಲ್ಲಿ ಅದು 175 ಮೀಟರ್. ಧರ್ಮಪುರಿಯಿಂದ ಪೆನ್ನಾಗರಂಗೆ ಮದುವೆಯಾಗಿ ಬರುವ ಹೆಣ್ಣು ಒಂದು ಬೆಳಗ್ಗೆಯಲ್ಲಿ ಮೂರು ತಲೆಮಾರಿನ ದಾರಿ ಸವೆಸಿರುತ್ತಾಳೆ. ಆ ಏಳುನೂರರಲ್ಲಿ ಒಬ್ಬರಿಗೂ ತಾವು ಹೊಸ ನಾಡಿಗೆ ಹೊರಟಿದ್ದೇವೆ ಎಂದು ಅನಿಸಿರಲಾರದು. ಅಜ್ಜನ ಕಾಲದ ಹಳ್ಳ ಬತ್ತಿತು, ಆಚೆಯ ಹಳ್ಳದಲ್ಲಿ ನೀರಿತ್ತು, ಅಷ್ಟೇ.

3 ಕಿಲೋಮೀಟರಿಗೆ ಬಂದರೆ ನಮ್ಮ ಜಾತಿಯೇ ಮುಗಿಯುತ್ತದೆ. ಹೋಮೋ ಸೇಪಿಯನ್ಸ್ ಎನ್ನಬಹುದಾದ ಅತಿ ಹಳೆಯ ಮೂಳೆಗಳು ಮೊರೊಕ್ಕೊದ ಜೆಬೆಲ್ ಇರ್‌ಹೂದ್‌ನವು, ಸುಮಾರು 3 ಲಕ್ಷ ವರ್ಷದವು. ಆದರೆ ದಾರಿ ಮುಗಿದಿಲ್ಲ. ಉಳಿದ 12 ಕಿಲೋಮೀಟರ್, ಐದರಲ್ಲಿ ನಾಲ್ಕು ಪಾಲು, ನಡೆದವರು ಬೇರೆಯವರು.

12ನೇ ಕಿಲೋಮೀಟರಿನಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಇಸಾಂಪುರವಿದೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಗೆಸಿದ ಜಾಗ. ಪ್ರಾಣಿಯ ಹಲ್ಲಿನ ಎನಾಮಲ್ ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಎಂದರು. ಅದೊಂದು ಕಲ್ಲುಗಣಿ. ಸುಣ್ಣಕಲ್ಲಿನ ಹಾಸು ತಾನಾಗಿಯೇ ಚಪ್ಪಡಿಗಳಾಗಿ ಬಿರುಕು ಬಿಟ್ಟಿತ್ತು. ಆ ಜನ ಅದನ್ನು ಮೀಟಿ ಎಬ್ಬಿಸಿ, ಕೈಗೊಡಲಿಗೆ ಒಪ್ಪುವ ದಪ್ಪದ್ದನ್ನು ಆರಿಸಿ, ಅಂಚು ಸವರುತ್ತಿದ್ದರು. ಬಡಿಯುವ ಸುತ್ತಿಗೆ ಗುಂಡುಗಳು ಮಾತ್ರ ಆ ಹಾಸಿನವಲ್ಲ, ಬೇರೆ ಜಾತಿಯ ಗಟ್ಟಿ ಕಲ್ಲು. ಬೇರೆ ಕಡೆಯಿಂದ ಆರಿಸಿ ತಂದದ್ದು. ನಾಳೆ ಏನು ಬೇಕಾಗುತ್ತದೆ ಎಂದು ಇವತ್ತೇ ಹೊತ್ತು ತಂದ ತಲೆ ಅದು. ಬೇಸಗೆಯಲ್ಲಿ ಒರತೆಗಳ ಸುತ್ತ ಗುಂಪುಗೂಡಿ, ಮಳೆ ಬಿದ್ದ ಮೇಲೆ ಕಣಿವೆ ತುಂಬ ಚದುರುತ್ತಿದ್ದರು ಎಂಬುದು ಪದ್ದಯ್ಯ ಅವರ ಅಭಿಪ್ರಾಯ. ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಲಪಾತದ ಸದ್ದು ಕೇಳುವಲ್ಲಿ, 15ನೇ ಕಿಲೋಮೀಟರಿನಲ್ಲಿ, ಚೆನ್ನೈ ಸಮೀಪದ ಅತ್ತಿರಂಪಾಕ್ಕಂ: 15 ಲಕ್ಷ ವರ್ಷದ ಕೈಗೊಡಲಿಗಳು. ಶಾಂತಿ ಪಪ್ಪು ಅವರ ತಂಡ 2011ರಲ್ಲಿ ಪ್ರಕಟಿಸಿದ ಲೆಕ್ಕ. ಮಾಡಿದವರ ಒಂದು ಎಲುಬೂ ಅಲ್ಲಿಲ್ಲ. (ಕಾಲ ಇಲ್ಲಿಗೂ ನಿಲ್ಲುವುದಿಲ್ಲ. ಹೊಗೇನಕಲ್ಲಿನ ಕಾರ್ಬೊನಟೈಟ್ ಶಿಲೆಗೆ ಸುಮಾರು 240 ಕೋಟಿ ವರ್ಷ. ಅದರ ಹುಟ್ಟನ್ನು ಮುಟ್ಟಲು ಇದೇ ಅಳತೆಯಲ್ಲಿ 24,000 ಕಿಲೋಮೀಟರ್, ಭೂಮಿಯ ಅರ್ಧ ಸುತ್ತಿಗಿಂತ ಹೆಚ್ಚು ನಡೆಯಬೇಕು.)

ಇಷ್ಟೆಲ್ಲ ನಮಗೆ ಗೊತ್ತಾದದ್ದು ನಿಲ್ದಾಣದ ಎರಡೇ ಹೆಜ್ಜೆಯೊಳಗೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಪಲ್ಲಾವರದಲ್ಲಿ ಮೊದಲ ಹಳೆಯ ಶಿಲಾಯುಗದ ಕಲ್ಲನ್ನು ಹೆಕ್ಕಿದ್ದು 1863ರ ಮೇ 30ರಂದು. ಅದೇ ವರ್ಷ ಅತ್ತಿರಂಪಾಕ್ಕವೂ ಸಿಕ್ಕಿತು. ನಿವೃತ್ತಿಯ ಮೇಲೆ ಆತ ಬಂದು ನೆಲೆಸಿದ್ದು ಸೇಲಂ ಮೇಲಿನ ಏರ್ಕಾಡಿನಲ್ಲಿ. ಅಲ್ಲಿಯ ಶೆವರಾಯ್ ಬೆಟ್ಟದ ಜನಕ್ಕೆ ಉಜ್ಜಿ ನುಣುಪು ಮಾಡಿದ ಕಲ್ಗೊಡಲಿಗಳು ಹೊಸವೇನಲ್ಲ. ಹೊಲದಲ್ಲಿ, ಕಾಡಿನಲ್ಲಿ ಸಿಕ್ಕಿದ್ದನ್ನೆಲ್ಲ ತಂದು ಪಿಳ್ಳೈಯಾರ್ ಗುಡಿಯಲ್ಲಿಟ್ಟು ಆಗಲೇ ಪೂಜೆ ಮಾಡುತ್ತಿದ್ದರು.