ಪ್ರಾರ್ಥನೆ ಪುಸ್ತಕದಲ್ಲಿ ರಾಜನ ಆಜ್ಞೆ, ಓದುಗರ ತೆಳು ಗೆರೆ

ಮಧ್ಯಯುಗದ ಧರ್ಮಗ್ರಂಥ ಅಂದ ತಕ್ಷಣ ಮ್ಯೂಸಿಯಂನ ಗಾಜಿನ ಪೆಟ್ಟಿಗೆ, ಚಿನ್ನದ ಅಕ್ಷರ ನೆನಪಾಗುತ್ತೆ. ನನ್ನ ಆಸಕ್ತಿ ಮಾತ್ರ ಆ ಪುಟಗಳ ಕೊಳೆಯ ಮೇಲೆ.

ಯುರೋಪಿನಲ್ಲಿ ‘ಬುಕ್ ಆಫ್ ಅವರ್ಸ್’ ಅನ್ನೋ ಪುಸ್ತಕಗಳಿದ್ದವು. ದಿನದ ಬೇರೆ ಬೇರೆ ಹೊತ್ತಿನ ಪ್ರಾರ್ಥನೆಗಳು, ಜೊತೆಗೆ ಸಂತರ ಹಬ್ಬಗಳ ಕ್ಯಾಲೆಂಡರ್. ಇವು ಮುಖ್ಯವಾಗಿ ಪಾದ್ರಿಗಳಲ್ಲದವರ, ಮನೆಮಂದಿಯ ಪುಸ್ತಕಗಳು. ಮಕ್ಕಳು ಹುಟ್ಟಿದ ದಿನ, ಹಿರಿಯರು ತೀರಿಕೊಂಡ ದಿನವನ್ನೂ ಅದರಲ್ಲೇ ಬರೆದಿಡ್ತಿದ್ರು. ಕಲಾ ಇತಿಹಾಸಕಾರ್ತಿ ಕ್ಯಾಥರಿನ್ ರೂಡಿ ಇಂಥ ಪ್ರಾರ್ಥನೆ ಪುಸ್ತಕಗಳ ಅಂಚು ಎಷ್ಟು ಕಪ್ಪಾಗಿದೆ ಅಂತ ಡೆನ್ಸಿಟೋಮೀಟರ್‌ನಿಂದ ಅಳೆದು 2010ರಲ್ಲಿ ಪ್ರಕಟಿಸಿದರು. ಬೆರಳು ಹೆಚ್ಚು ತಾಗಿದಷ್ಟೂ ಪುಟ ಕಪ್ಪು. ಪ್ಲೇಗ್‌ನಿಂದ ಕಾಪಾಡು ಅಂತ ಸಂತ ಸೆಬಾಸ್ಟಿಯನ್‌ಗೆ ಮೊರೆಯಿಡುವ ಪುಟ ಚೆನ್ನಾಗಿ ಸವೆದಿತ್ತು. ನಡುರಾತ್ರಿ ಹೇಳಬೇಕಾದ ಪ್ರಾರ್ಥನೆಯೊಂದರಲ್ಲಿ ಕೊಳೆ ಇದ್ದದ್ದು ಮೊದಲ ಕೆಲವು ಪುಟಗಳಲ್ಲಿ ಮಾತ್ರ. ಓದ್ತಾ ಓದ್ತಾ ನಿದ್ದೆ ಹತ್ತಿರಬೇಕು ಪಾಪ!

ಇಷ್ಟು ಖಾಸಗಿಯಾದ ಪುಸ್ತಕದೊಳಕ್ಕೂ ಪ್ರಭುತ್ವ ಕೈ ಹಾಕಿತು. ಥಾಮಸ್ ಬೆಕೆಟ್ ರಾಜನನ್ನೇ ಎದುರು ಹಾಕಿಕೊಂಡ ಆರ್ಚ್‌ಬಿಷಪ್. 1170ರಲ್ಲಿ ರಾಜ 2ನೇ ಹೆನ್ರಿಯ ಕಡೆಯವರು ಅವನನ್ನು ಕ್ಯಾಂಟರ್ಬರಿ ಚರ್ಚಿನೊಳಗೇ ಕೊಂದರು. ಜನ ಅವನನ್ನು ಸಂತ ಅಂತ ಪೂಜಿಸಿದರು. ಪೋಪ್ ಜೊತೆ ಸಂಬಂಧ ಕಡಿದುಕೊಂಡ 8ನೇ ಹೆನ್ರಿಗೆ ಇಂಥ ಸಂತ ಹೇಗೆ ತಾನೇ ಸಹ್ಯವಾದಾನು? 1538ರಲ್ಲಿ ಬೆಕೆಟ್‌ನ ಸಮಾಧಿ ಕೆಡವಿಸಿದ. ಎಲ್ಲ ಪುಸ್ತಕಗಳಿಂದಲೂ ಅವನ ಹೆಸರು ಅಳಿಸಿ ಅಂತ ಆಜ್ಞೆ ಹೊರಡಿಸಿದ. ‘ಪೋಪ್’ ಅನ್ನೋ ಪದಕ್ಕೆ ಅದಕ್ಕೂ ಮೊದಲೇ ಇದೇ ಗತಿಯಾಗಿತ್ತು. (ಇದೇ ಹೆನ್ರಿ, ಆನ್ ಬೊಲಿನ್ ಇಬ್ಬರೂ ಒಂದು ಪ್ರಾರ್ಥನೆ ಪುಸ್ತಕದ ಅಂಚಿನಲ್ಲಿ ಪ್ರೇಮದ ಸಾಲು ಗೀಚಿಕೊಂಡಿದ್ದರು. ಆ ಪುಸ್ತಕ ಈಗಲೂ ಬ್ರಿಟಿಷ್ ಲೈಬ್ರರಿಯಲ್ಲಿದೆ.)

ಆಜ್ಞೆಗೆ ಓದುಗರು ಏನು ಮಾಡಿದರು ಅನ್ನೋದೇ ನನಗೆ ಮುಖ್ಯ. ಕೆಲವರು ಚಾಕುವಿನಿಂದ ಹೆಸರು ಕೆರೆದು ತೆಗೆದರು. ಕೆಲವರು ಮಸಿ ಬಳಿದರು. ಇನ್ನು ಕೆಲವರು ಹೆಸರಿನ ಮೇಲೊಂದು ತೆಳು ಗೆರೆ ಎಳೆದು ಸುಮ್ಮನಾದರು. ಅಧಿಕಾರಿ ಬಂದರೆ ತೋರಿಸೋಕೆ ಗೆರೆ ಇದೆ, ಓದೋಕೆ ಹೆಸರೂ ಇದೆ. ಮುಟ್ಟದೇ ಬಿಟ್ಟವರೂ ಉಂಟು. ತೆಳು ಗೆರೆಯೆಲ್ಲ ಪ್ರತಿರೋಧವೇ ಅಂತ ನಾನು ಹೇಳಲ್ಲ, ಬರೀ ಸೋಮಾರಿತನವೂ ಇರಬಹುದು. ಆದರೆ 1553ರಲ್ಲಿ ಕ್ಯಾಥೊಲಿಕ್ ರಾಣಿ ಮೇರಿ ಪಟ್ಟಕ್ಕೆ ಬಂದ ಮೇಲೆ ಕೆಲವು ಪುಸ್ತಕಗಳಲ್ಲಿ ಅಳಿಸಿದ ಹೆಸರನ್ನು ಮತ್ತೆ ಬರೆದಿದ್ದಾರೆ. ಅಂದರೆ ಆ ಜಾಗ ಯಾರದ್ದು ಅಂತ ಯಾರೋ ನೆನಪಿಟ್ಟುಕೊಂಡಿದ್ದರು.

ಇಂಥ ಎಷ್ಟೋ ಪುಸ್ತಕಗಳು ಈಗ ಲೈಬ್ರರಿಗಳ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಇಂಗ್ಲೆಂಡಿನದ್ದು ಸಿಕ್ಕರೆ ಚಿತ್ರಗಳನ್ನು ಆಮೇಲೆ ನೋಡಿ. ಮೊದಲು ಕ್ಯಾಲೆಂಡರಿನಲ್ಲಿ ಡಿಸೆಂಬರ್ 29 ಹುಡುಕಿ. ಅದು ಬೆಕೆಟ್‌ನ ಹಬ್ಬದ ದಿನ.