ಬೆಂಕಿಗೆ ಹಾಕಿದರೂ ಉಳಿದ ಪದ್ಯ

ನಾವು ಪದ್ಯ ಬಾಯಿಪಾಠ ಮಾಡುವುದು ಪರೀಕ್ಷೆಯಲ್ಲಿ ನಾಲ್ಕು ಅಂಕ ಬರಲಿ ಅಂತ. ಆದರೆ ರಷ್ಯಾದಲ್ಲಿ ಸುಮಾರು ಹತ್ತು ಜನ ಒಂದು ಕಾವ್ಯವನ್ನು ಬಾಯಿಪಾಠ ಮಾಡಿ, ಇಪ್ಪತ್ತು ವರ್ಷ ತಲೆಯಲ್ಲೇ ಬಚ್ಚಿಟ್ಟುಕೊಂಡಿದ್ದರು. ಏಕೆ ಗೊತ್ತಾ? ಕಾಗದದಲ್ಲಿ ಬರೆದಿಟ್ಟು ಸಿಕ್ಕಿಬಿದ್ದರೆ ಜೈಲೇ ಗತಿ. ಆ ಕಾವ್ಯದ ಹೆಸರು ‘ರೆಕ್ವಿಯಮ್’. ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಎಂದು ಅದರ ಅರ್ಥ. ಬರೆದವರು ಅನ್ನಾ ಅಖ್ಮಾತೋವಾ.

ಇವರು 1889ರಲ್ಲಿ ಒಡೆಸ್ಸಾ ಪಟ್ಟಣದ ಹತ್ತಿರ ಹುಟ್ಟಿದರು. ಅದು ಈಗ ಉಕ್ರೇನ್ ದೇಶದಲ್ಲಿದೆ. ನಿಜವಾದ ಹೆಸರು ಅನ್ನಾ ಗೊರೆಂಕೊ. ಮಗಳು ಕವಿತೆ ಬರೆದು ಮನೆತನದ ಹೆಸರು ಕೆಡಿಸುತ್ತಾಳೆ ಅಂತ ತಂದೆಗೆ ಚಿಂತೆ. ಆಯಿತು, ನಿಮ್ಮ ಹೆಸರೇ ಬೇಡ ಎಂದು ತಾಯಿ ಕಡೆಯ ಮುತ್ತಜ್ಜಿಯ ಹೆಸರು ಇಟ್ಟುಕೊಂಡರು. ಎಂಥಾ ಧೈರ್ಯ ನೋಡಿ! 1912ರಲ್ಲಿ ಮೊದಲ ಪುಸ್ತಕ ಬಂತು. ಬೇಗ ಹೆಸರಾಯಿತು.

1917ರಲ್ಲಿ ರಷ್ಯಾದಲ್ಲಿ ಕ್ರಾಂತಿಯಾಯಿತು. ಎಷ್ಟೋ ಸಾಹಿತಿಗಳು ಬೇರೆ ದೇಶಕ್ಕೆ ಹೋದರು. ಇವರು ಹೋಗಲಿಲ್ಲ. 1921ರಲ್ಲಿ ಇವರ ಮೊದಲ ಗಂಡ, ಕವಿ ಗುಮಿಲ್ಯೋವ್ ಅವರನ್ನು ಸರಕಾರದವರು ಗುಂಡಿಟ್ಟು ಕೊಂದರು. ಆಮೇಲೆ ಸ್ಟಾಲಿನ್ ಆಳ್ವಿಕೆ. 1938ರಲ್ಲಿ ಮಗ ಲೆವ್‌ನನ್ನು ಹಿಡಿದುಕೊಂಡು ಹೋದರು.

ಲೆನಿನ್‌ಗ್ರಾಡ್‌ನ ಜೈಲಿನ ಮುಂದೆ ಕೈದಿಗಳ ತಾಯಂದಿರು, ಹೆಂಡಂದಿರು ದಿನಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಅಲ್ಲಿಯ ಚಳಿ ನೀರು ಹೆಪ್ಪುಗಟ್ಟುವ ಚಳಿ. ಕಿಟಕಿಯಲ್ಲಿ ತಂದ ಗಂಟನ್ನು ತೆಗೆದುಕೊಂಡರೆ ಮಗ ಇನ್ನೂ ಒಳಗಿದ್ದಾನೆ ಅಂತ ಸಮಾಧಾನ. ವಾಪಸ್ಸು ಕೊಟ್ಟರೆ ಎದೆ ಧಸಕ್ಕೆನ್ನುತ್ತಿತ್ತು. ಅಖ್ಮಾತೋವಾ ಹದಿನೇಳು ತಿಂಗಳು ಹೀಗೆ ನಿಂತರು. ಒಂದು ದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು, ಇದನ್ನೆಲ್ಲ ನಿಮ್ಮಿಂದ ಬರೆಯಲು ಆಗುತ್ತದೆಯೇ ಎಂದು ಪಿಸುಮಾತಿನಲ್ಲಿ ಕೇಳಿದಳಂತೆ. ಆಗುತ್ತದೆ ಎಂದರು ಇವರು.

ಆದರೆ ಬರೆಯುವುದು ಹೇಗೆ? ಗೋಡೆಗೂ ಕಿವಿ ಇರುತ್ತೆ ಅಂತಾರಲ್ಲ, ಅಲ್ಲಿ ಆ ಮಾತು ನಿಜವೇ ಇರಬಹುದು ಎಂಬ ಹೆದರಿಕೆ. ಗೆಳತಿ ಲಿಡಿಯಾ ಚುಕೋವ್‌ಸ್ಕಾಯಾ ಮನೆಗೆ ಬಂದಾಗ ಅಖ್ಮಾತೋವಾ ಚಹಾ ಕುಡೀತೀರಾ ಅಂತ ಗಟ್ಟಿಯಾಗಿ ಕೇಳುತ್ತಾ, ಚೀಟಿಯಲ್ಲಿ ಸಾಲುಗಳನ್ನು ಗೀಚಿ ಕೊಡುತ್ತಿದ್ದರು. ಗೆಳತಿ ತುಟಿ ಅಲುಗಿಸದೆ ಓದಿ ನೆನಪಿಟ್ಟುಕೊಂಡು ಚೀಟಿ ವಾಪಸ್ಸು ಕೊಡುವರು. ಕೂಡಲೇ ಕಡ್ಡಿ ಗೀರಿ ಸುಟ್ಟುಬಿಡುವುದು. ಆ ನೆನಪಿನ ಶಕ್ತಿಗೆ ಎಷ್ಟು ಅಂಕ ಕೊಡಬೇಕು ನೀವೇ ಹೇಳಿ! ಹಾಗೆ ಕಲಿತವರಲ್ಲಿ ಒಬ್ಬರೂ ಬಾಯಿಬಿಡಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೂ ಕಷ್ಟ ತಪ್ಪಲಿಲ್ಲ. 1946ರಲ್ಲಿ ಲೇಖಕರ ಸಂಘದಿಂದ ಹೊರಗೆ ಹಾಕಿದರು. ಸೈನ್ಯಕ್ಕೆ ಸೇರಿ ಯುದ್ಧ ಮಾಡಿ ಬಂದಿದ್ದ ಮಗನನ್ನು 1949ರಲ್ಲಿ ಮತ್ತೆ ಹಿಡಿದರು. ಆಗ ಅಖ್ಮಾತೋವಾ ಸ್ಟಾಲಿನ್‌ನನ್ನು ಹೊಗಳಿ ಪದ್ಯ ಬರೆದರು. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ನಮ್ಮ ಅವ್ವನಿಗೆ ಹೇಳಿದೆ. “ಮಗನ್ನ ಬಿಡಿಸಾಕೆ ತಾಯಿ ಯಾರ ಕಾಲಾದ್ರೂ ಹಿಡೀತಾಳೆ, ನಿಂಗೇನು ಗೊತ್ತು” ಅಂದಳು. ಅವ್ವನ ಮಾತೇ ಸರಿ ಅನ್ನಿಸುತ್ತೆ. ಆದರೆ ಹೊಗಳಿದರೂ ಮಗನನ್ನು ಬಿಡಲಿಲ್ಲ. ಅವನು ಹೊರಗೆ ಬಂದದ್ದು ಸ್ಟಾಲಿನ್ ಸತ್ತು ಮೂರು ವರ್ಷವಾದ ಮೇಲೆ, 1956ರಲ್ಲಿ.

‘ರೆಕ್ವಿಯಮ್’ ಮೊದಲು ಅಚ್ಚಾದದ್ದು 1963ರಲ್ಲಿ, ಅದೂ ಜರ್ಮನಿಯಲ್ಲಿ. ಅವರ ದೇಶದಲ್ಲಿ ಅಚ್ಚಾಗುವಾಗ 1987. ಅಷ್ಟರಲ್ಲಿ ಅವರು ತೀರಿಕೊಂಡು 21 ವರ್ಷವಾಗಿತ್ತು.

ಮುಂದೆ ನನಗೆ ಪ್ರತಿಮೆ ನಿಲ್ಲಿಸುವುದಾದರೆ ನಾನು ಹುಟ್ಟಿದ ಸಮುದ್ರದ ಬಳಿ ಬೇಡ, ಆ ಜೈಲಿನ ಮುಂದೆ ನಿಲ್ಲಿಸಿ ಎಂಬ ಅರ್ಥದ ಮಾತು ಆ ಕಾವ್ಯದಲ್ಲೇ ಇದೆ. 2006ರಲ್ಲಿ ಹಾಗೇ ನಿಲ್ಲಿಸಿದರು. ನೇವಾ ನದಿಯ ಈಚೆ ದಡದಲ್ಲಿ ಪ್ರತಿಮೆ, ಆಚೆ ದಡದಲ್ಲಿ ಜೈಲಿನ ಕೆಂಪು ಕಟ್ಟಡ.